ಪದವಿ ಕೈಗೆ ಬಂದ ಮರುದಿನ



ಕಳೆದ ತಿಂಗಳು ಒಂದು ಭಾನುವಾರ, ಪೂಜೆ ಮುಗಿದ ಮೇಲೆ ನಾವು ಯುವಜನರು ಸಭಾಭವನದಲ್ಲಿ ಕುರ್ಚಿ ಜೋಡಿಸುತ್ತಿದ್ದೆವು. ನಮ್ಮ ವಾಳೆಯ ಒಬ್ಬರು ಅಂಕಲ್ ಬಂದು ಪಕ್ಕದಲ್ಲಿ ನಿಂತರು. ಅವರು ಇಪ್ಪತ್ತೆರಡು ವರ್ಷ ಗಲ್ಫ್‌ನಲ್ಲಿ ದುಡಿದು ಬಂದವರು. ಮಗಳು ಬಿಎಸ್ಸಿ ಮುಗಿಸಿದ್ದಾಳೆ, ಹೊರದೇಶದಲ್ಲಿ ಎಂಎಸ್ಸಿಗೆ ಸೀಟು ಸಿಕ್ಕಿದೆ. ಬ್ಯಾಂಕಿನವರು ಅಡಿಕೆ ತೋಟದ ದಾಖಲೆ ಕೇಳಿದ್ದಾರೆ.

"ನೀವೆಲ್ಲ ಓದಿದವರು, ಒಂದು ವಿಷಯ ಹೇಳಿ. ನಾವು ಹೋಗುವಾಗ ಕೆಲಸ ಮೊದಲು, ವಿಮಾನ ಆಮೇಲೆ. ಇವರದ್ದು ವಿಮಾನ ಮೊದಲು, ಕೆಲಸ ಆಮೇಲೆ. ಕಲಿತು ಮುಗಿದ ಮೇಲೆ ಅಲ್ಲಿ ಇರಲಿಕ್ಕೆ ಬಿಡ್ತಾರಾ?"

ನಮಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. "ಬಿಡ್ತಾರೆ ಅಂಕಲ್, ಎಷ್ಟು ಜನ ಇಲ್ಲ ಅಲ್ಲಿ" ಎಂದು ನಮ್ಮಲ್ಲೊಬ್ಬ ಹೇಳಿದ. ಅವರು ನಕ್ಕು ಹೋದರು. ಆದರೆ ಆ ಉತ್ತರ ಸಾಲದು ಎಂದು ನಮಗೆಲ್ಲ ಅನಿಸಿತು. ತೋಟ ಅಡವಿಡುವ ಮನುಷ್ಯನಿಗೆ "ಎಷ್ಟು ಜನ ಇಲ್ಲ" ಎನ್ನುವುದು ಉತ್ತರವಲ್ಲ. ಹಾಗಾಗಿ ನಾವು ಕೆಲವರು ಕೂತು ಓದಿದೆವು. ಓದುತ್ತಾ ಹೋದಂತೆ ಈ ಪ್ರಶ್ನೆಗೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸ ಇದೆ ಎಂದು ತಿಳಿಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಕರಾವಳಿಯಿಂದಲೇ ಶುರು

ಓದಿಗಾಗಿ ಒಂದು ದೇಶ, ಕೆಲಸಕ್ಕಾಗಿ ಇನ್ನೊಂದು ದೇಶ ಎನ್ನುವುದು ನಮ್ಮ ಕರಾವಳಿಗೆ ಹೊಸದಲ್ಲ. ಮೊದಲು ಅದು ಎದುರು ದಿಕ್ಕಿನಲ್ಲಿ ನಡೆಯಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಷನ್ ಶಾಲೆಯಲ್ಲಿ ಕಲಿತ ಯುವಕರು 1834ರಿಂದ ಮಂಗಳೂರಿಗೆ ಬರತೊಡಗಿದರು. ಅವರಲ್ಲಿ ಫರ್ಡಿನಾಂಡ್ ಕಿಟೆಲ್ ಕೂಡ ಒಬ್ಬರು. ಜರ್ಮನಿಯಲ್ಲಿ ಹುಟ್ಟಿ, ಬಾಸೆಲಿನಲ್ಲಿ ಓದಿ, 1853ರಲ್ಲಿ ಇಲ್ಲಿಗೆ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ. ಅಂದರೆ ನಮ್ಮ ಪ್ರಾಯವೇ. 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. ಪರದೇಶಕ್ಕೆ ಕೆಲಸಕ್ಕೆ ಬಂದವನು ಆ ದೇಶದ ಭಾಷೆಗೆ ಎಷ್ಟು ದುಡಿಯಬಹುದು ಎನ್ನುವುದಕ್ಕೆ ನಮಗೆ ಬೇರೆ ಉದಾಹರಣೆ ಬೇಡ.

ಅದೇ ಕಾಲದಲ್ಲಿ ಇಲ್ಲಿಂದ ಅಲ್ಲಿಗೂ ಒಬ್ಬರು ಹೋದರು. ಮಂಗಳೂರಿನ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದು ಹರ್ಮನ್ ಆನಂದರಾವ್ ಕೌಂಡಿನ್ಯರಾದರು. 1846ರಲ್ಲಿ ಅವರು ಬಾಸೆಲಿಗೆ ಹೊರಟರು. ಜತೆಗಿದ್ದವರು 'ಮಂಗಳೂರ ಸಮಾಚಾರ' ಪತ್ರಿಕೆ ನಡೆಸಿದ ಹರ್ಮನ್ ಮೋಗ್ಲಿಂಗ್. ಕೌಂಡಿನ್ಯರು ಅಲ್ಲಿ ಓದಿ, ಬೋಧಕರಾಗಿ ದೀಕ್ಷೆ ಪಡೆದು, 1851ರಲ್ಲಿ ಊರಿಗೆ ಮರಳಿದರು. ಇಂದಿನಂಥ ವಿದ್ಯಾರ್ಥಿ ವೀಸಾ ಆಗ ಇರಲಿಲ್ಲ. ಕಳಿಸುವ ಸಂಸ್ಥೆಯೂ ಕೆಲಸ ಕೊಡುವ ಸಂಸ್ಥೆಯೂ ಒಂದೇ ಆಗಿತ್ತು. ಓದು ಮುಗಿದ ಮರುದಿನ ಏನು ಮಾಡಬೇಕು ಎನ್ನುವುದು ಹೊರಡುವ ಮೊದಲೇ ತೀರ್ಮಾನವಾಗಿತ್ತು.

ಬೈಬಲಿನ ದಾನಿಯೇಲನ ಕಥೆಯಲ್ಲೂ ಹೀಗೆಯೇ. ಸೆರೆಯಾಳಾಗಿ ಬಾಬಿಲೋನಿಗೆ ಹೋದ ಆ ಯುವಕನಿಗೆ ಮೂರು ವರ್ಷ ಅಲ್ಲಿನ ಭಾಷೆ, ವಿದ್ಯೆಯ ತರಬೇತಿ, ಆಮೇಲೆ ಅರಮನೆಯ ಸೇವೆ. ಓದಿಸಿದವನೇ ಕೆಲಸ ಕೊಟ್ಟ. ಇಂದಿನ ವಿದ್ಯಾರ್ಥಿಯ ಪಾಡು ಬೇರೆ. ಓದಿಸುವುದು ವಿಶ್ವವಿದ್ಯಾಲಯ, ಕೆಲಸ ಕೊಡುವುದು ಕಂಪನಿ, ಇರಲು ಅನುಮತಿ ಕೊಡುವುದು ಸರಕಾರ. ಈ ಮೂವರ ನಡುವೆ ಯಾವ ಒಪ್ಪಂದವೂ ಇಲ್ಲ.

ಓದಲು ಬನ್ನಿ, ಇರಲು ಬೇಡ

ಇದರ ಇತಿಹಾಸ ಅತಿ ಸ್ಪಷ್ಟವಾಗಿ ಕಾಣುವುದು ಅಮೆರಿಕದಲ್ಲಿ. 1917ರಲ್ಲಿ ಅಲ್ಲಿನ ಕಾನೂನು ಏಷ್ಯಾದ ಬಹುಭಾಗವನ್ನು, ಭಾರತವನ್ನೂ ಸೇರಿಸಿ, ನಿಷೇಧಿತ ವಲಯ ಎಂದು ಗುರುತಿಸಿತು. ಅಲ್ಲಿಂದ ಕೂಲಿಗಳು, ರೈತರು ಬರಬಾರದು; ವಿದ್ಯಾರ್ಥಿಗಳು ಬರಬಹುದು. 1924ರ ಕಾನೂನಿನಲ್ಲೂ ವಿದ್ಯಾರ್ಥಿಗೆ ಪ್ರತ್ಯೇಕ ಬಾಗಿಲು ಉಳಿಯಿತು. ಆದರೆ ಅದು ಓದಿಗೆ ಮಾತ್ರ ತೆರೆದ ಬಾಗಿಲು.

ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ ಯುವಕ 1913ರಲ್ಲಿ ಉನ್ನತ ಓದಿನ ಆಸೆಯಿಂದ ಅಮೆರಿಕಕ್ಕೆ ಹೋದ. ಖರ್ಚಿಗಾಗಿ ಮರದ ಮಿಲ್ಲಿನಲ್ಲಿ ದುಡಿದ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಸೇರಿದ. ಆ ದೇಶದ ಸಮವಸ್ತ್ರ ತೊಟ್ಟವನು ಪೌರತ್ವ ಕೇಳಿದಾಗ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಆ ಕಾಲದ ಕಾನೂನಿನ ಪ್ರಕಾರ ಪರದೇಶದವರಲ್ಲಿ ಬಿಳಿಯರಿಗೂ ಆಫ್ರಿಕಾ ಮೂಲದವರಿಗೂ ಮಾತ್ರ ಪೌರತ್ವ. ಭಾರತೀಯರು ಬಿಳಿಯರಲ್ಲ ಎಂದು 1923ರ ಫೆಬ್ರವರಿಯಲ್ಲಿ ತೀರ್ಪು ಬಂತು. ಅಷ್ಟರಲ್ಲಿ ಪೌರತ್ವ ಪಡೆದಿದ್ದ ಬೇರೆ ಹಲವು ಭಾರತೀಯರ ಪೌರತ್ವವನ್ನೂ ಸರಕಾರ ಕಿತ್ತುಕೊಂಡಿತು. ಥಿಂಡ್ ಅವರಿಗೆ ಅದು ಸಿಕ್ಕಿದ್ದು 1936ರಲ್ಲಿ, ಮಾಜಿ ಸೈನಿಕ ಎಂಬ ಕಾರಣಕ್ಕೆ.

ಇನ್ನೊಬ್ಬರು ದಲೀಪ್ ಸಿಂಗ್ ಸೌಂದ್. 1920ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಓದಲು ಹೋದರು. ಗಣಿತದಲ್ಲಿ ಎಂಎ, 1924ರಲ್ಲಿ ಪಿಎಚ್‌ಡಿ. ಗಣಿತದ ಡಾಕ್ಟರೇಟ್ ಕೈಯಲ್ಲಿದ್ದರೂ ಆಮೇಲೆ ಅವರು ಮಾಡಿದ್ದು ಇಂಪೀರಿಯಲ್ ಕಣಿವೆಯಲ್ಲಿ ಕೃಷಿ. ಅದರಲ್ಲೂ ಪೌರತ್ವಕ್ಕೆ ಅರ್ಹರಲ್ಲದ ಏಷ್ಯನ್ನರು ಸ್ವಂತ ಹೆಸರಿನಲ್ಲಿ ಜಮೀನು ಮಾಡುವಂತಿಲ್ಲ ಎಂಬುದು ಆ ರಾಜ್ಯದ ಕಾನೂನು. ಸೌಂದ್ ಊರಿಗೆ ಮರಳಲಿಲ್ಲ. ಇತರ ಭಾರತೀಯರೊಂದಿಗೆ ಸೇರಿ ಕಾನೂನು ಬದಲಿಸಲು ಓಡಾಡಿದರು. 1946ರ ಜುಲೈಯಲ್ಲಿ ಲೂಸ್-ಸೆಲ್ಲರ್ ಕಾಯಿದೆ ಬಂತು. ಭಾರತೀಯರು ಪೌರತ್ವ ಪಡೆಯಬಹುದಾಯಿತು, ವರ್ಷಕ್ಕೆ 100 ಮಂದಿ ನೆಲಸಲು ಬರಬಹುದಾಯಿತು. ಇಡೀ ಭಾರತಕ್ಕೆ ನೂರು! 1949ರಲ್ಲಿ ಪೌರರಾದ ಸೌಂದ್ 1956ರ ಚುನಾವಣೆಯಲ್ಲಿ ಗೆದ್ದು ಅಮೆರಿಕದ ಸಂಸತ್ತಿನ ಕೆಳಮನೆಗೆ ಹೋದ ಮೊದಲ ಏಷ್ಯನ್ ಆದರು. ಅದೇ ತಿಂಗಳ ಮೊದಲ ದಿನ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ನಮ್ಮ ಹಿರಿಯರು ಮನೆ ಬಿಟ್ಟು ಕದಲದೆ ರಾಜ್ಯ ಬದಲಿಸಿದರು. ಸೌಂದ್ ಮೂವತ್ತಾರು ವರ್ಷ ಕಾದು ಒಂದು ದೇಶವನ್ನು ತನ್ನದಾಗಿ ಮಾಡಿಕೊಂಡರು.

ಬಾಗಿಲು ಅಗಲವಾದ ವರ್ಷ

1965ರ ಅಕ್ಟೋಬರ್ 3ರಂದು ಅಧ್ಯಕ್ಷ ಜಾನ್ಸನ್ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ ಕೂತು ಹೊಸ ವಲಸೆ ಕಾಯಿದೆಗೆ ಸಹಿ ಹಾಕಿದರು. ಹುಟ್ಟಿದ ದೇಶ ನೋಡಿ ಜನರನ್ನು ಅಳೆಯುವ ಹಳೆಯ ಪದ್ಧತಿ ಹೋಯಿತು. ಕುಟುಂಬ ಸಂಬಂಧಕ್ಕೂ ವಿದ್ಯೆ, ಕೌಶಲಕ್ಕೂ ಆದ್ಯತೆ ಬಂತು. ಡಾಕ್ಟರು, ಎಂಜಿನಿಯರು, ವಿಜ್ಞಾನಿಗಳು ಭಾರತದಿಂದ ಹೋಗತೊಡಗಿದ್ದು ಇಲ್ಲಿಂದ ಮುಂದೆ.

ಅದಕ್ಕೂ ಮೊದಲು ಸುತ್ತು ದಾರಿ ಹಿಡಿದವರೊಬ್ಬರ ಕಥೆ ಹೇಳಲೇಬೇಕು. ಹರ್ ಗೋವಿಂದ್ ಖುರಾನಾ 1945ರಲ್ಲಿ ಭಾರತ ಸರಕಾರದ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿನ ಲಿವರ್‌ಪೂಲಿಗೆ ಹೋದರು. 1948ರಲ್ಲಿ ಪಿಎಚ್‌ಡಿ ಮುಗಿಸಿ, ಒಂದು ವರ್ಷ ಜ್ಯೂರಿಕ್‌ನಲ್ಲಿ ಸಂಶೋಧನೆ ಮಾಡಿ, 1949ರಲ್ಲಿ ಭಾರತಕ್ಕೆ ಬಂದರು. ಇಲ್ಲಿ ಅವರಿಗೆ ತಕ್ಕ ಕೆಲಸ ಸಿಗಲಿಲ್ಲ. ಮತ್ತೆ ಇಂಗ್ಲೆಂಡಿಗೆ ಹೋದರು, ಕೇಂಬ್ರಿಜ್ ಸೇರಿದರು. 1952ರಲ್ಲಿ ಕೆನಡಾದ ವ್ಯಾಂಕೂವರ್, 1960ರಲ್ಲಿ ಅಮೆರಿಕದ ವಿಸ್ಕಾನ್ಸಿನ್. 1966ರಲ್ಲಿ ಅಮೆರಿಕದ ಪೌರತ್ವ, 1968ರಲ್ಲಿ ನೊಬೆಲ್ ಪ್ರಶಸ್ತಿ. ಪ್ರಶಸ್ತಿಯ ಸುದ್ದಿ ಎಲ್ಲರಿಗೂ ಗೊತ್ತು. ಕೆಲಸವಿಲ್ಲದೆ ಊರಿನಲ್ಲಿ ಕಳೆದ 1949ರ ಆ ತಿಂಗಳುಗಳನ್ನು ನೆನೆಯುವವರು ಕಡಿಮೆ. ನಮ್ಮ ಮನೆಗಳಲ್ಲಿ ಯಾರಾದರೂ ಹಾಗೆ ಬಂದು ಕೂತಿದ್ದರೆ ಅವರನ್ನು ನಾವು ಹೇಗೆ ನೋಡುತ್ತೇವೆ?

ಕನ್ನಡದವರ ನಡುವೆಯೇ ಇನ್ನೊಂದು ಜೋಡಿ ಇದೆ. ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ 1959ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿಯಾಗಿ ಅಮೆರಿಕದ ಇಂಡಿಯಾನಾಕ್ಕೆ ಹೋದರು. ಭಾಷಾವಿಜ್ಞಾನದಲ್ಲಿ ಪಿಎಚ್‌ಡಿ ಮಾಡಿದರು. ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿತು. 1993ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಯು.ಆರ್. ಅನಂತಮೂರ್ತಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಹೋದರು. 1966ರಲ್ಲಿ ಪಿಎಚ್‌ಡಿ ಮುಗಿಸಿ ಮೈಸೂರಿಗೆ ಮರಳಿ ಪಾಠ ಹೇಳಿದರು. ಬರ್ಮಿಂಗ್‌ಹ್ಯಾಮಿನಲ್ಲಿ ಇದ್ದಾಗಲೇ ಅವರು 'ಸಂಸ್ಕಾರ' ಬರೆದರು. ಅದನ್ನು ಇಂಗ್ಲಿಷಿಗೆ ತಂದವರು ಶಿಕಾಗೋದಲ್ಲಿದ್ದ ರಾಮಾನುಜನ್, 1976ರಲ್ಲಿ. ಒಬ್ಬರು ಉಳಿದರು, ಒಬ್ಬರು ಮರಳಿದರು. ಇಬ್ಬರಿಂದಲೂ ಕನ್ನಡಕ್ಕೆ ಒಳ್ಳೆಯದೇ ಆಯಿತು. ಉಳಿದವನು ಗೆದ್ದ, ಮರಳಿದವನು ಸೋತ ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಸೇತುವೆ ಕಟ್ಟಿದ್ದು, ಮುರಿದದ್ದು

ಈಗ ನಮ್ಮ ಕಾಲಕ್ಕೆ ಬರೋಣ. ಅಂಕಲ್ ಕೇಳಿದ ಪ್ರಶ್ನೆಯ ಮೂಲ ಇಲ್ಲಿದೆ.

ಅಮೆರಿಕದಲ್ಲಿ ವಿದ್ಯಾರ್ಥಿ ವೀಸಾ ಬೇರೆ, ಕೆಲಸದ ವೀಸಾ ಬೇರೆ. 1952ರ ಕಾನೂನಿನಿಂದ ಮೊದಲನೆಯದರ ಹೆಸರು ಎಫ್-1. ಎರಡನೆಯದಾದ ಎಚ್-1ಬಿ ಬಂದದ್ದು 1990ರ ಕಾನೂನಿನಿಂದ. ವರ್ಷಕ್ಕೆ 65,000 ಎಂಬ ಮಿತಿಯೂ ಜತೆಗೇ ಬಂತು. ಎರಡರ ನಡುವಿನ ಸೇತುವೆಯೇ ಆಪ್ಷನಲ್ ಪ್ರಾಕ್ಟಿಕಲ್ ಟ್ರೈನಿಂಗ್, ಎಲ್ಲರೂ ಓಪಿಟಿ ಎಂದು ಕರೆಯುವ ವ್ಯವಸ್ಥೆ. ಆ ಹೆಸರು ಬಂದದ್ದು 1992ರಲ್ಲಿ. ಓದು ಮುಗಿದ ಮೇಲೆ ತನ್ನ ವಿಷಯದಲ್ಲಿ 12 ತಿಂಗಳು ಕೆಲಸ ಮಾಡಬಹುದು. 2008ರಲ್ಲಿ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಓದಿದವರಿಗೆ ಇನ್ನೂ 17 ತಿಂಗಳು ಸೇರಿತು. 2016ರಲ್ಲಿ ಆ 17 ತಿಂಗಳು 24 ಆಯಿತು. ಅಂದರೆ ವಿಜ್ಞಾನ ಓದಿದವರಿಗೆ ಒಟ್ಟು ಮೂರು ವರ್ಷ. ಆದರೆ ಮೊದಲ ವರ್ಷದಲ್ಲಿ 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ.

ಈ ಸೇತುವೆಯ ಆಚೆ ದಡದಲ್ಲಿ ಎಚ್-1ಬಿ ಇದೆ. ಸಾಫ್ಟ್‌ವೇರ್ ಕೆಲಸಗಾರರ ಬೇಡಿಕೆ ಏರಿದಾಗ ಅದರ ಮಿತಿಯನ್ನು 1,15,000ಕ್ಕೆ, ಆಮೇಲೆ 1,95,000ಕ್ಕೆ ಏರಿಸಿದರು. 2004ರಲ್ಲಿ ಅದು ಮತ್ತೆ 65,000ಕ್ಕೆ ಇಳಿಯಿತು. ಅಮೆರಿಕದಲ್ಲೇ ಮಾಸ್ಟರ್ಸ್ ಅಥವಾ ಅದಕ್ಕೂ ಮೇಲೆ ಓದಿದವರಿಗೆಂದು 20,000 ಸೇರಿಸಿದರು. ವಿಶ್ವವಿದ್ಯಾಲಯಗಳಲ್ಲಿ ಕೆಲಸ ಮಾಡುವವರಿಗೆ ಈ ಮಿತಿ ಇಲ್ಲ. ಉಳಿದವರಲ್ಲಿ ಅರ್ಜಿ ಹೆಚ್ಚಾದ ವರ್ಷಗಳಲ್ಲಿ ಚೀಟಿ ಎತ್ತಿದ ಹಾಗೆ ಆರಿಸಿದರು. ಒಳ್ಳೆಯ ಅಂಕ, ಒಳ್ಳೆಯ ಕೆಲಸ ಎರಡೂ ಇದ್ದು ಹೆಸರು ಬಾರದೆ ಮರಳಿದವರು ಅನೇಕರು. 2025ರ ಸೆಪ್ಟೆಂಬರಿನಲ್ಲಿ ಹೊರದೇಶದಿಂದ ಹೊಸದಾಗಿ ಕರೆಸುವ ಎಚ್-1ಬಿ ಅರ್ಜಿಗೆ ಕಂಪನಿ 1,00,000 ಡಾಲರ್ ಕಟ್ಟಬೇಕೆಂಬ ಘೋಷಣೆ ಬಂತು.

ಅಲ್ಲಿಂದ ಶಾಶ್ವತ ನೆಲೆಗೆ ಹೋಗುವ ದಾರಿ ಇನ್ನೂ ಉದ್ದ. ಕೆಲಸದ ಆಧಾರದ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಅದರಲ್ಲಿ ಸಾಮಾನ್ಯವಾಗಿ ಶೇಕಡಾ 7ಕ್ಕಿಂತ ಹೆಚ್ಚಿಲ್ಲ. ಚಿಕ್ಕ ದೇಶಕ್ಕೂ ಅಷ್ಟೇ, ಭಾರತಕ್ಕೂ ಅಷ್ಟೇ. 2023-24ರಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳೇ 3,31,602 ಮಂದಿ. ಹಾಗಾಗಿ ನಮ್ಮವರ ಸಾಲು ದಶಕಗಳಷ್ಟು ಉದ್ದವಾಗಿದೆ.

ಬ್ರಿಟನ್ನಿನ ಕಥೆ ಇನ್ನೂ ಬೇಗ ಬದಲಾಗುತ್ತದೆ. 1962ರವರೆಗೆ ಕಾಮನ್‌ವೆಲ್ತ್ ದೇಶದವರು ಅಲ್ಲಿಗೆ ಹೋಗಿ ನೆಲಸಲು ಕಾನೂನಿನ ಅಡ್ಡಿ ಇರಲಿಲ್ಲ. ಆ ವರ್ಷದ ಕಾಯಿದೆ ಅದನ್ನು ನಿಲ್ಲಿಸಿತು. 2008ರಲ್ಲಿ ಪದವೀಧರರಿಗೆ ಎರಡು ವರ್ಷ ಕೆಲಸ ಮಾಡುವ ವೀಸಾ ಬಂತು. 2012ರ ಏಪ್ರಿಲಿನಲ್ಲಿ ಅದನ್ನು ಮುಚ್ಚಿದರು. ಅದನ್ನೇ ನಂಬಿ ಸಾಲ ಮಾಡಿ ಹೋಗಿ, ಓದು ಮುಗಿಯುವ ಮೊದಲೇ ಬಾಗಿಲು ಮುಚ್ಚಿದ್ದನ್ನು ಕಂಡವರ ಸ್ಥಿತಿ ಯೋಚಿಸಿ. 2021ರ ಜುಲೈ 1ರಂದು ಗ್ರಾಜುಯೇಟ್ ರೂಟ್ ಎಂಬ ಹೆಸರಿನಲ್ಲಿ ಅದು ಮತ್ತೆ ತೆರೆಯಿತು: ಪದವಿ, ಮಾಸ್ಟರ್ಸ್ ಮಾಡಿದವರಿಗೆ ಎರಡು ವರ್ಷ, ಪಿಎಚ್‌ಡಿಯವರಿಗೆ ಮೂರು. 2027ರ ಜನವರಿ 1ರಿಂದ ಅರ್ಜಿ ಹಾಕುವ ಪದವಿ, ಮಾಸ್ಟರ್ಸ್‌ನವರಿಗೆ ಎರಡು ವರ್ಷ ಹೋಗಿ 18 ತಿಂಗಳು ಎಂದು ಈಗಾಗಲೇ ಹೇಳಿದ್ದಾರೆ. ಆ ವೀಸಾ ತಾನಾಗಿ ಶಾಶ್ವತ ನೆಲೆ ಕೊಡುವುದಿಲ್ಲ. ಅದಕ್ಕೆ ಕಂಪನಿಯೊಂದು ಮುಂದೆ ಬಂದು ಕೆಲಸದ ವೀಸಾ ಮಾಡಿಸಬೇಕು. ಆ ವೀಸಾಕ್ಕೆ ಬೇಕಾದ ಸಾಮಾನ್ಯ ಸಂಬಳದ ಮಿತಿ 2024ರ ಏಪ್ರಿಲಿನಲ್ಲಿ ವರ್ಷಕ್ಕೆ 26,200 ಪೌಂಡಿನಿಂದ 38,700 ಪೌಂಡಿಗೆ ಏರಿತು, 2025ರ ಜುಲೈಯಲ್ಲಿ 41,700 ಆಯಿತು. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಸ್ವಲ್ಪ ರಿಯಾಯಿತಿ ಇದೆ, ಅಷ್ಟೇ.

ಕೆನಡಾ 2008ರಲ್ಲಿ ಓದು ಮುಗಿಸಿದವರಿಗೆ ಮೂರು ವರ್ಷದವರೆಗೆ ಕೆಲಸದ ಅನುಮತಿ ಕೊಡತೊಡಗಿತು. ಮುಂಚೆಯೇ ಕೆಲಸ ಸಿಕ್ಕಿರಬೇಕೆಂಬ ಶರತ್ತೂ ಇರಲಿಲ್ಲ. ನಮ್ಮ ಕಡೆಯಿಂದಲೂ ಮಕ್ಕಳು ಹೋದರು. 2024ರ ಜನವರಿಯಲ್ಲಿ ಅದೇ ದೇಶ ವಿದ್ಯಾರ್ಥಿ ಪರವಾನಗಿಗಳಿಗೆ ಮಿತಿ ಹಾಕಿತು. ಆ ವರ್ಷದ ನವೆಂಬರಿನಿಂದ ಓದಿನ ನಂತರದ ಅನುಮತಿಗೆ ಭಾಷಾ ಪರೀಕ್ಷೆಯ ಶರತ್ತು ಸೇರಿಸಿತು. ಜರ್ಮನಿ ಬೇರೆ ಕಡೆಗೆ ನಡೆಯಿತು. ಅಲ್ಲಿ ಓದಿದವರಿಗೆ ಕೆಲಸ ಹುಡುಕಲು 2005ರಲ್ಲಿ ಒಂದು ವರ್ಷ ಇತ್ತು, 2012ರಲ್ಲಿ 18 ತಿಂಗಳಾಯಿತು. ಅಲ್ಲಿ ಬಹುತೇಕ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೂ ಇಲ್ಲ. ಆದರೆ ಜರ್ಮನ್ ಭಾಷೆ ಬಾರದೆ ಕೆಲಸ ಸಿಗುವುದು ಕಷ್ಟ. ಕಿಟೆಲ್ ಕನ್ನಡ ಕಲಿತ ಹಾಗೆ ನಾವು ಅವರ ಭಾಷೆ ಕಲಿಯಬೇಕು.

ಇದರಿಂದ ನಮಗೆ ತಿಳಿದದ್ದು

ಈ ನೂರು ವರ್ಷ ಓದಿದ ಮೇಲೆ ನಮಗೆ ಕೆಲವು ಮಾತು ಗಟ್ಟಿಯಾಗಿ ಹೇಳಬಹುದು ಅನಿಸುತ್ತದೆ.

ಮೊದಲನೆಯದು, ಸೇತುವೆ ಕಟ್ಟುವವರು ತಮ್ಮ ಅಗತ್ಯ ನೋಡಿ ಕಟ್ಟುತ್ತಾರೆ. ಕೆಲಸಗಾರರು ಬೇಕಾದಾಗ ಅಗಲ ಮಾಡುತ್ತಾರೆ, ಅಲ್ಲಿನ ಜನ ಗೊಣಗಿದಾಗ ಕಿರಿದು ಮಾಡುತ್ತಾರೆ. ಅದರಲ್ಲಿ ನಮ್ಮ ಮೇಲೆ ಪ್ರೀತಿಯೂ ಇಲ್ಲ, ದ್ವೇಷವೂ ಇಲ್ಲ. ಹೊರಡುವ ದಿನದ ನಿಯಮ ಓದು ಮುಗಿಯುವ ದಿನ ಇರುತ್ತದೆ ಎಂದು ಯಾರೂ ಬರೆದು ಕೊಡುವುದಿಲ್ಲ.

ಎರಡನೆಯದು, ಸಾಲದ ಲೆಕ್ಕವನ್ನು ಎರಡು ಸಲ ಹಾಕಬೇಕು. ಅಲ್ಲಿ ಕೆಲಸ ಸಿಕ್ಕರೆ ಎಷ್ಟು ವರ್ಷದಲ್ಲಿ ತೀರುತ್ತದೆ ಎಂದು ಒಂದು ಸಲ. ಓದು ಮುಗಿದ ಕೂಡಲೇ ಊರಿಗೆ ಬಂದು ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಕೊಚ್ಚಿಯಲ್ಲೋ ಸಿಗುವ ಸಂಬಳದಲ್ಲಿ ತೀರಿಸಬೇಕಾದರೆ ಏನು ಎಂದು ಇನ್ನೊಂದು ಸಲ. ಎರಡನೆಯ ಲೆಕ್ಕದಲ್ಲೂ ತೋಟ ಉಳಿಯುತ್ತದೆ ಎಂದಾದರೆ ಧೈರ್ಯವಾಗಿ ಹೋಗಬಹುದು. ಉಳಿಯುವುದಿಲ್ಲ ಎಂದಾದರೆ ಕಡಿಮೆ ಶುಲ್ಕದ ದೇಶ, ವಿದ್ಯಾರ್ಥಿವೇತನ, ಇಲ್ಲಿ ಎರಡು ವರ್ಷ ಕೆಲಸ ಮಾಡಿ ಆಮೇಲೆ ಹೋಗುವುದು, ಇಂಥ ದಾರಿಗಳನ್ನು ನೋಡಬೇಕು.

ಮೂರನೆಯದು, ಸೀಟು ಮಾಡಿಸಿಕೊಡುವ ಏಜೆಂಟರ ಮಾತು ಕೇಳಿ, ಆದರೆ ಅಲ್ಲಿಗೇ ನಿಲ್ಲಬೇಡಿ. ನಮ್ಮ ಗುಂಪಿನ ಒಬ್ಬನಿಗೆ "ಕೋರ್ಸ್ ಮುಗಿದರೆ ಪಿಆರ್ ಖಾತ್ರಿ" ಎಂದು ಒಬ್ಬರು ಹೇಳಿದ್ದರು. ಅವನು ಆ ದೇಶದ ಸರಕಾರದ ಜಾಲತಾಣ ತೆರೆದು ನೋಡಿದಾಗ ಆ ಕೋರ್ಸಿಗೆ ಓದಿನ ನಂತರದ ಅನುಮತಿಯೇ ಇರಲಿಲ್ಲ. ಹಲವು ಏಜೆಂಟರಿಗೆ ಕಾಲೇಜಿನಿಂದ ಕಮಿಷನ್ ಬರುತ್ತದೆ. ಸೀಟು ಆದ ಕೂಡಲೇ ಅವರ ಕೆಲಸ ಮುಗಿಯಿತು, ನಮ್ಮದು ಅಲ್ಲಿಂದ ಶುರು.

ಕೊನೆಯದು ಮನೆಯ ಹಿರಿಯರಿಗೆ. ಮರಳಿ ಬಂದ ಮಗ ಮಗಳನ್ನು ಕಂಡು ಪೂಜೆಯ ನಂತರ ಅಂಗಳದಲ್ಲಿ "ಯಾಕೆ ಬಂದದ್ದು?" ಎಂದು ಕೇಳಬೇಡಿ. ಆ ಒಂದು ಪ್ರಶ್ನೆಗೆ ಹೆದರಿ, ವೀಸಾ ಮುಗಿದ ಮೇಲೂ ಅಲ್ಲೇ ಅಡಗಿ, ಸಿಕ್ಕಿದ ಕೂಲಿಗೆ ದುಡಿಯುವವರಿದ್ದಾರೆ. ಹಾಗೆ ಉಳಿದವರಿಗೆ ಕಾಯಿಲೆ ಬಿದ್ದರೂ ಆಸ್ಪತ್ರೆಗೆ ಹೋಗಲು ಭಯ, ಊರಿನಲ್ಲಿ ಅಮ್ಮ ತೀರಿಕೊಂಡರೂ ಬಂದರೆ ಮತ್ತೆ ಹೋಗಲಾಗದು ಎಂಬ ಭಯ. ಅವರು ಧೈರ್ಯವಾಗಿ ಬರುವ ಹಾಗೆ ಮನೆಯ ಬಾಗಿಲು ತೆರೆದಿಡುವುದು ನಮ್ಮ ಕೈಯಲ್ಲೇ ಇರುವ ವಿಷಯ.

ಕಳೆದ ಭಾನುವಾರ ಆ ಅಂಕಲ್ ಜತೆ ಮತ್ತೆ ಕೂತೆವು. ಈ ಸಲ ಮಗಳೂ ಬಂದಿದ್ದಳು. ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಎರಡೂ ಲೆಕ್ಕ ಹಾಕಿದೆವು. ಮೊದಲು ಬಂದ ಸೀಟಿನಲ್ಲಿ ಎರಡನೆಯ ಲೆಕ್ಕ ಕೂಡಲಿಲ್ಲ. ಇನ್ನೊಂದು ದೇಶದಲ್ಲಿ, ಅರ್ಧಕ್ಕಿಂತ ಕಡಿಮೆ ಖರ್ಚಿನಲ್ಲಿ, ಅದೇ ವಿಷಯ ಓದಲು ಮುಂದಿನ ವರ್ಷ ಅರ್ಜಿ ಹಾಕುವುದೆಂದು ಅವಳೇ ತೀರ್ಮಾನಿಸಿದಳು. ಅಷ್ಟರವರೆಗೆ ಜರ್ಮನ್ ಕಲಿಯುತ್ತಾಳಂತೆ. ತೋಟದ ಕಾಗದ ಸದ್ಯಕ್ಕೆ ಕಪಾಟಿನಲ್ಲೇ ಇದೆ.

"ನಿಮ್ಮ ಚರಿತ್ರೆ ಪಾಠ ನನಗೆ ಒಂದು ವರ್ಷ ಲೇಟ್ ಮಾಡಿತು" ಎಂದು ಅವಳು ನಮಗೆ ಬೈದಳು. ಬೈದ ಮೇಲೆ ನೋಟ್‌ಬುಕ್ ತೆಗೆದುಕೊಂಡು ಹೋದಳು.

ನಿಮ್ಮ ಮನೆಯಲ್ಲೂ ಯಾರಾದರೂ ಹೊರಡುವ ತಯಾರಿಯಲ್ಲಿದ್ದರೆ ಬನ್ನಿ. ಮುಂದಿನ ತಿಂಗಳ ಮೊದಲ ಭಾನುವಾರ ಪೂಜೆಯ ನಂತರ ಸಭಾಭವನದಲ್ಲಿ ಕೂರುತ್ತೇವೆ. ಹೋಗಿ ಉಳಿದವರ ಜತೆ ಫೋನಿನಲ್ಲಿ ಮಾತಾಡಿಸುತ್ತೇವೆ. ಹೋಗಿ ಮರಳಿದ ಇಬ್ಬರು ಅಲ್ಲಿಗೇ ಬರಲು ಒಪ್ಪಿದ್ದಾರೆ. ಲೆಕ್ಕ ಹಾಕಲು ಪೆನ್ನು, ಪುಸ್ತಕ ತನ್ನಿ.